ಮಗುವಿಗೆ ಪಾಲುಪಟ್ಟಿಯಿಲ್ಲ



ನಮ್ಮ ಮನೆತನಗಳಿಗೆ 'ಭಾಗ' ಎಂಬ ಮಾತು ಹೊಸದಲ್ಲ. ಅಣ್ಣತಮ್ಮಂದಿರಿಗೆ ಒಂದೇ ಒಲೆಯಲ್ಲಿ ಅನ್ನ ಬೇಯದೆ ಹೋದಾಗ, ಹಿರಿಯರು ನಾಲ್ವರು ಕುಳಿತು ಗದ್ದೆ ತೋಟಗಳನ್ನೂ, ಮನೆಯ ಅಂಕಣಗಳನ್ನೂ, ಕಡೆಗೆ ಹಂಡೆ ಕೊಳಗಗಳನ್ನೂ ಲೆಕ್ಕ ಹಾಕಿ ಪಾಲುಪಟ್ಟಿಯನ್ನು ಬರೆಯಿಸುತ್ತಿದ್ದರು. ಇಂಥ ಭಾಗದಲ್ಲಿ ಮನೆಯ ಹೆಂಗಸರಿಗೂ ಪಾಲುಂಟೆಂದು ಮೈಸೂರು ಸಂಸ್ಥಾನವು 1933ರಲ್ಲಿಯೇ ಕಾನೂನು ಮಾಡಿತು. ಹೀಗೆ ಆಸ್ತಿಯನ್ನು ಹಂಚುವ ವಿದ್ಯೆಯನ್ನು ನಾವು ಬಹುಕಾಲದಿಂದ ಬಲ್ಲೆವು. ಆದರೆ ಒಡೆದುದು ಗಂಡಹೆಂಡಿರ ಮನೆಯಾದರೆ, ಅಲ್ಲಿ ಹಂಚಲಾಗದ ಒಂದು ಜೀವವಿರುತ್ತದೆ. ಆ ಜೀವದ ಹಿತವನ್ನೂ, ಅದರ ಸಲುವಾಗಿ ಕಾನೂನಿನ ಸಹಾಯವನ್ನು ಪಡೆಯುವ ಕ್ರಮವನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ನಾನು ವಕೀಲನಲ್ಲ, ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಸಂಸಾರದ ಕಾನೂನು ಸಂಸಾರಸ್ಥರೆಲ್ಲರೂ ತಿಳಿದಿರಬೇಕಾದ ವಿಷಯವಷ್ಟೆ.

ಬೌದ್ಧರ ಜಾತಕಕಥೆಗಳಲ್ಲಿ ಮಹೋಸಧ ಪಂಡಿತನ ತೀರ್ಪೊಂದು ಪ್ರಸಿದ್ಧವಾಗಿದೆ. ಯಕ್ಷಿಣಿಯೊಬ್ಬಳು ಮಗುವನ್ನು ಅಪಹರಿಸಿ ತನ್ನದೆಂದು ವಾದಿಸುತ್ತಾಳೆ. ಹೆತ್ತ ತಾಯಿಯೂ ತನ್ನದೆನ್ನುತ್ತಾಳೆ. ಪಂಡಿತನು ನೆಲದ ಮೇಲೊಂದು ಗೆರೆಯೆಳೆದು, ಅದರ ಮೇಲೆ ಮಗುವನ್ನು ಮಲಗಿಸಿ, ಎಳೆದುಕೊಂಡವಳಿಗೆ ಮಗು ಎಂದು ಹೇಳುತ್ತಾನೆ. ಮಗು ನೋವಿನಿಂದ ಚೀರುತ್ತಲೇ ತಾಯಿಯು ಕೈಬಿಟ್ಟು ಅಳುತ್ತ ನಿಲ್ಲುತ್ತಾಳೆ. ಕೈಬಿಟ್ಟವಳೇ ತಾಯಿಯೆಂದು ತೀರ್ಪಾಗುತ್ತದೆ.

ಕಥೆಯೇನೋ ಸೊಗಸಾದುದೇ. ಆದರೆ ಇಂದಿನ ನ್ಯಾಯಸ್ಥಾನದಲ್ಲಿ ಬಂದು ನಿಲ್ಲುವ ಇಬ್ಬರಲ್ಲಿ ಯಾರೂ ಯಕ್ಷಿಣಿಯಲ್ಲ. ಒಬ್ಬರು ತಂದೆ, ಇನ್ನೊಬ್ಬರು ತಾಯಿ. ನ್ಯಾಯಾಧೀಶರ ಬಳಿ ಆ ಗೆರೆಯೂ ಇಲ್ಲ. ಮರುಕದಿಂದ ಕೈಬಿಟ್ಟು ದೂರ ನಿಂತವರ ಮನಸ್ಸು ಅವರಿಗೆ ತಾನಾಗಿ ತಿಳಿಯುವುದೂ ಇಲ್ಲ. ಮಗುವು ಎರಡು ಮೂರು ವರ್ಷ ಒಂದೇ ಮನೆಯಲ್ಲಿ, ಒಂದೇ ಶಾಲೆಯಲ್ಲಿ ಬೇರೂರಿದ ಮೇಲೆ ಅದನ್ನು ಅಲ್ಲಿಂದ ಕೀಳುವುದಕ್ಕೆ ನ್ಯಾಯಸ್ಥಾನಗಳು ಸುಲಭವಾಗಿ ಒಪ್ಪುವುದಿಲ್ಲ. ಜಗಳವನ್ನು ಬಿಡುವುದು ಬೇರೆ, ಹೊಣೆಯನ್ನು ಬಿಡುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದರಿಂದ ಎಷ್ಟೋ ತಾಯಂದಿರೂ ಕೆಲವರು ತಂದೆಗಳೂ ತಮ್ಮ ಮಕ್ಕಳಿಗೆ ಅಪರಿಚಿತರಾಗಿ ಹೋಗಿದ್ದಾರೆ.

ಹಾಗಾದರೆ ನ್ಯಾಯಸ್ಥಾನವು ಯಾವ ಅಳತೆಗೋಲನ್ನು ಹಿಡಿಯುತ್ತದೆ? 'ಮಗು ಯಾರದು?' ಎಂಬುದು ಹಳೆಯ ಪ್ರಶ್ನೆ. 'ಮಗುವಿಗೆ ಯಾವುದು ಹಿತ?' ಎಂಬುದು ಈಗಿನ ಪ್ರಶ್ನೆ. ಎಲ್ಲ ಮತದವರಿಗೂ ಅನ್ವಯಿಸುವ 1890ರ ಪಾಲಕರ ಕಾನೂನಿನಲ್ಲಿಯೇ ಈ ಹಿತದ ಮಾತು ಬರುತ್ತದೆ. ತನ್ನ ಇಷ್ಟವನ್ನು ತಿಳಿದು ಹೇಳುವಷ್ಟು ಮಗು ಬೆಳೆದಿದ್ದರೆ, ಅದರ ಇಷ್ಟವನ್ನೂ ವಿಚಾರಿಸಬಹುದೆಂದು ಆ ಕಾನೂನು ಹೇಳುತ್ತದೆ. ಹಿಂದುಗಳಿಗಾಗಿ 1956ರಲ್ಲಿ ಆದ ಕಾನೂನು ಒಂದು ಕಡೆ ತಂದೆಯನ್ನೂ, ಅವನ ತರುವಾಯ ತಾಯಿಯನ್ನೂ ಸಹಜಪಾಲಕರೆಂದು ಕರೆದು, ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ವಶದಲ್ಲಿರತಕ್ಕದ್ದೆಂದಿತು. ಇನ್ನೊಂದು ಕಡೆ ಮಗುವಿನ ಹಿತವೇ ಎಲ್ಲಕ್ಕೂ ಮಿಗಿಲೆಂದು ವಿಧಿಸಿತು. ಮಕ್ಕಳು ತಂದೆತಾಯಿಗಳ ಸೊತ್ತಲ್ಲವೆಂಬುದನ್ನು ದೇಶದ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಸ್ಪಷ್ಟಪಡಿಸಿತು. 'ತಂದೆಯ ತರುವಾಯ' ಎಂದರೆ ತಂದೆ ತೀರಿಕೊಂಡ ಮೇಲೆ ಎಂದೇ ಅರ್ಥವಲ್ಲ, ಅವನು ಮಗುವಿನ ಯೋಗಕ್ಷೇಮವನ್ನು ನೋಡದೆ ಇರುವಾಗಲೂ ತಾಯಿಯು ಪಾಲಕಳಾಗಬಹುದು ಎಂದು, ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಅದೇ ನ್ಯಾಯಾಲಯವು ತೀರ್ಮಾನಿಸಿತು.

ಇದರಿಂದ ತಿಳಿಯುವುದೇನೆಂದರೆ, ತಂದೆ ಶ್ರೀಮಂತನೆಂಬುದೊಂದೇ ಕಾರಣವಾಗಲಾರದು. ತಾಯಿ ಹೆತ್ತವಳೆಂಬುದೂ ಒಂದೇ ಕಾರಣವಾಗಲಾರದು. ಮಗುವಿಗೆ ಹೊತ್ತುಹೊತ್ತಿಗೆ ಉಣಿಸುವವರು ಯಾರು, ಜ್ವರ ಬಂದಾಗ ರಾತ್ರಿ ಎದ್ದಿರುವವರು ಯಾರು, ಶಾಲೆಯ ಮೇಷ್ಟರಿಗೆ ಪರಿಚಿತರಾದವರು ಯಾರು ಎಂಬಂಥ ಸಣ್ಣ ಸಂಗತಿಗಳೇ ಅಲ್ಲಿ ದೊಡ್ಡ ಸಾಕ್ಷ್ಯಗಳಾಗುತ್ತವೆ. ಮಗುವು ಒಬ್ಬರ ವಶಕ್ಕೆ ಹೋದರೂ ಇನ್ನೊಬ್ಬರಿಗೆ ಅದನ್ನು ಕಾಣುವ, ರಜಾದಿನಗಳಲ್ಲಿ ಕರೆದುಕೊಂಡು ಹೋಗುವ ಅವಕಾಶವನ್ನು ಸಾಮಾನ್ಯವಾಗಿ ಕೊಡುತ್ತಾರೆ. ಈ ಆಜ್ಞೆಗಳು ಶಾಶ್ವತವೂ ಅಲ್ಲ. ಮಗು ಬೆಳೆದಂತೆ, ಸ್ಥಿತಿಗತಿಗಳು ಬದಲಾದಂತೆ, ಅವುಗಳನ್ನು ಬದಲಾಯಿಸುವಂತೆ ಮತ್ತೆ ಕೇಳಿಕೊಳ್ಳಬಹುದು.

ವಿವಾಹವಿಚ್ಛೇದನದ ವಿಷಯ ಇದಕ್ಕೆ ಹೊಂದಿಕೊಂಡುದಾದರೂ ಬೇರೆಯಾದುದು. ಹಿಂದುಗಳಿಗೆ 1955ರ ವಿವಾಹ ಕಾನೂನು, ಕ್ರೈಸ್ತರಿಗೆ 1869ರ ಕಾನೂನು, ಮುಸಲ್ಮಾನ ಸ್ತ್ರೀಯರಿಗೆ 1939ರ ಕಾನೂನು, ರಿಜಿಸ್ಟರು ಮದುವೆಯವರಿಗೆ 1954ರ ಕಾನೂನು ದಾರಿ ತೋರಿಸುತ್ತವೆ. ಪರಸ್ಪರ ಸಮ್ಮತಿಯಿಂದ ಬೇರೆಯಾಗುವ ಮಾರ್ಗವನ್ನು ಹಿಂದೂ ವಿವಾಹ ಕಾನೂನಿಗೆ 1976ರಲ್ಲಿ ಸೇರಿಸಿದರು. ಇದಕ್ಕೆ ದಂಪತಿಗಳು ಒಂದು ವರ್ಷ ಬೇರೆಬೇರೆಯಾಗಿ ಇದ್ದಿರಬೇಕು. ಅರ್ಜಿಯ ಮೇಲೆ ಆರು ತಿಂಗಳು ಕಾಯಬೇಕೆಂಬ ನಿಯಮವನ್ನು, ತಕ್ಕ ಸಂದರ್ಭಗಳಲ್ಲಿ ಸಡಿಲಿಸಬಹುದೆಂದು 2017ರಲ್ಲಿ ತೀರ್ಪಾಗಿದೆ. 2003ರ ತಿದ್ದುಪಡಿಯಾದ ಮೇಲೆ, ಹೆಂಡತಿಯು ತಾನು ವಾಸವಾಗಿರುವ ಊರಿನಲ್ಲಿಯೇ ಅರ್ಜಿ ಕೊಡಬಹುದು. ತವರಿಗೆ ಬಂದವಳು ಗಂಡನ ಊರಿಗೆ ಅಲೆಯಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಬ್ಬರನ್ನೂ ಕೂರಿಸಿ, ಛಾಪಾಕಾಗದದ ಮೇಲೆ ರುಜು ಹಾಕಿಸಿ, 'ಬಿಡುಗಡೆಯಾಯಿತು' ಎಂದು ಕಳುಹಿಸುವ ರೂಢಿ ನಮ್ಮಲ್ಲಿನ್ನೂ ಇದೆ. ಕುಲಾಚಾರದ ಆಧಾರವಿದೆಯೆಂದು ಸಾಧಿಸಬಲ್ಲ ಹಿಂದುಗಳನ್ನು ಬಿಟ್ಟರೆ, ಉಳಿದ ಹಿಂದುಗಳಿಗೆ ಇಂಥ ಕಾಗದದಿಂದ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಮತ್ತೆ ಮದುವೆಯಾದರೆ ಆ ಮದುವೆ ನಿಲ್ಲುವುದಿಲ್ಲ. ಮೇಲೆ ಶಿಕ್ಷೆಗೂ ಗುರಿಯಾಗಬೇಕಾಗುತ್ತದೆ.

ಜೀವನಾಂಶಕ್ಕೆ ವಿಚ್ಛೇದನದವರೆಗೂ ಕಾಯಬೇಕಾದುದಿಲ್ಲ. 1973ರ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣದಲ್ಲಿದ್ದ ಈ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 144ನೆಯ ಪ್ರಕರಣವಾಗಿದೆ. ತಾತ್ಕಾಲಿಕ ಜೀವನಾಂಶದ ಅರ್ಜಿಯನ್ನು, ಎದುರುಪಕ್ಷಕ್ಕೆ ನೋಟೀಸು ಮುಟ್ಟಿದ 60 ದಿವಸಗಳೊಳಗಾಗಿ ಆದಷ್ಟುಮಟ್ಟಿಗೆ ತೀರ್ಮಾನಿಸತಕ್ಕದ್ದೆಂದು ವಿಧಿಯಿದೆ. ಎರಡು ಪಕ್ಷದವರೂ ತಮ್ಮ ವರಮಾನ ಆಸ್ತಿಗಳನ್ನು ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೊತ್ತುಮಾಡಿತು. ಹೊಡೆತ ಬಡಿತಗಳಿರುವ ಮನೆಯಾದರೆ, 2005ರ ಕಾನೂನಿನಂತೆ ರಕ್ಷಣಾಧಿಕಾರಿಗಳ ಮೂಲಕ ರಕ್ಷಣೆಯನ್ನೂ, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ, ಮಕ್ಕಳ ತಾತ್ಕಾಲಿಕ ವಶವನ್ನೂ ಹೆಂಡತಿಯು ಕೇಳಬಹುದು.

ಇದೆಲ್ಲಕ್ಕೂ ಹಣವೆಲ್ಲಿ ಎಂದು ಕೇಳುವವರುಂಟು. 1987ರ ಕಾನೂನು ಸೇವೆಗಳ ಅಧಿನಿಯಮವು ಸ್ತ್ರೀಯರಿಗೂ ಮಕ್ಕಳಿಗೂ, ಅವರ ವರಮಾನವೆಷ್ಟೆಂದು ಕೇಳದೆಯೇ, ವಕೀಲರನ್ನು ಉಚಿತವಾಗಿ ಒದಗಿಸಬೇಕೆಂದು ಹೇಳುತ್ತದೆ. ಪರಿಶಿಷ್ಟ ಜಾತಿ ವರ್ಗಗಳವರಿಗೂ ಅಂಗವಿಕಲರಿಗೂ ಇದು ಅನ್ವಯಿಸುತ್ತದೆ. ಉಳಿದ ಪುರುಷರಿಗೆ ವರಮಾನದ ಮಿತಿಯುಂಟು. ಪ್ರತಿಯೊಂದು ಜಿಲ್ಲೆಯಲ್ಲಿಯೂ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಅದರ ಕಛೇರಿಗೆ ಹೋಗಿ, ಅರ್ಜಿ ಬರೆದುಕೊಟ್ಟರೆ ಸಾಕು. 15100 ಎಂಬ ಸಂಖ್ಯೆಗೆ ಟೆಲಿಫೋನು ಮಾಡಿಯೂ ವಿಚಾರಿಸಬಹುದು. ಹೋಗುವಾಗ ಲಗ್ನಪತ್ರಿಕೆ ಅಥವಾ ಮದುವೆಯ ರಿಜಿಸ್ಟರು ಪತ್ರ, ಮಗುವಿನ ಜನನಪತ್ರ, ಶಾಲೆಯ ಕಾಗದಗಳು, ಬ್ಯಾಂಕಿನ ಪುಸ್ತಕ ಇವುಗಳನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಬರಿಯ ಕಾಗದಕ್ಕೆ ಯಾರು ಹೇಳಿದರೂ ರುಜು ಹಾಕಕೂಡದು.

1984ರ ಕಾನೂನಿನಂತೆ ಏರ್ಪಟ್ಟ ಕುಟುಂಬ ನ್ಯಾಯಾಲಯಗಳು ನಾವು ಹೆದರುವಂಥ ಸ್ಥಳಗಳಲ್ಲ. ಮೊದಲು ರಾಜಿಗೆ ಪ್ರಯತ್ನಿಸುವುದು ಅವುಗಳ ಕರ್ತವ್ಯ. ಒಂದು ಪಕ್ಷದವರು ಅಪೇಕ್ಷಿಸಿದರೂ ಹೊರಗಿನವರಿಲ್ಲದೆ ವಿಚಾರಣೆ ನಡೆಯಬೇಕು. ಅಲ್ಲಿ ವಕೀಲರನ್ನು ನೇಮಿಸಿಕೊಳ್ಳುವುದು ಹಕ್ಕಲ್ಲವೆಂದು ಕಾನೂನು ಹೇಳಿದರೂ, ಅನುಮತಿ ಕೊಡುವುದು ವಾಡಿಕೆಯಾಗಿದೆ. ಒಳ್ಳೆಯ ವಕೀಲರ ಗುರುತೊಂದುಂಟು: ಅವರು ಎದುರುಪಕ್ಷದ ದೋಷಗಳನ್ನು ಕೇಳುವುದಕ್ಕೆ ಮೊದಲು ಮಗುವಿನ ವಯಸ್ಸನ್ನು ಕೇಳುತ್ತಾರೆ.

ವ್ಯಾಜ್ಯವು ನಡೆಯುತ್ತಿರುವಾಗ ತಂದೆತಾಯಿಗಳು ಎರಡು ತಪ್ಪುಗಳಿಗೆ ಎಡೆಗೊಡಬಾರದು. ಹಣ ಬರಲಿಲ್ಲವೆಂದು ಮಗುವನ್ನು ತೋರಿಸದಿರುವುದು ಒಂದು. ತೋರಿಸಲಿಲ್ಲವೆಂದು ಹಣವನ್ನು ನಿಲ್ಲಿಸುವುದು ಇನ್ನೊಂದು. ಹಣವೂ ಮಗುವಿನದೇ, ಭೇಟಿಯೂ ಮಗುವಿನದೇ. ಒಬ್ಬರ ತಪ್ಪಿಗೆ ಇನ್ನೊಬ್ಬರು ಕೊಡುವ ಶಿಕ್ಷೆಯನ್ನು ಇಲ್ಲಿ ಮೂರನೆಯವರು ಅನುಭವಿಸುತ್ತಾರೆ.

ಕಡೆಯದಾಗಿ, ವಿದ್ಯಾವಂತರಾದ ತಮ್ಮಲ್ಲಿ ಒಂದು ವಿಜ್ಞಾಪನೆ. ನೆಂಟರಲ್ಲಿಯೋ ನೆರೆಯಲ್ಲಿಯೋ, ಮನೆಗೆಲಸಕ್ಕೆ ಬರುವವಳ ಬಾಳಿನಲ್ಲಿಯೋ ಇಂಥ ಕಷ್ಟವು ಕಣ್ಣಿಗೆ ಬಿದ್ದಾಗ, 'ಹೊಂದಿಕೊಂಡು ಹೋಗು' ಎಂಬ ಒಂದೇ ಮಾತನ್ನು ಹೇಳಿ ಕೈತೊಳೆದುಕೊಳ್ಳುವುದು ನಮಗೆ ಅಭ್ಯಾಸವಾಗಿದೆ. ಹೊಂದಿಕೆ ಸಾಧ್ಯವಿದ್ದಲ್ಲಿ ಅದಕ್ಕಿಂತ ಉತ್ತಮವಾದುದಿಲ್ಲ. ಸಾಧ್ಯವಿಲ್ಲದಲ್ಲಿ ಆ ಉಪದೇಶದಿಂದ ಕಾಲವು ಮಾತ್ರ ಕಳೆಯುತ್ತದೆ, ಮಗು ಬೆಳೆಯುತ್ತದೆ. ಜಿಲ್ಲೆಯ ಪ್ರಾಧಿಕಾರದ ಕಛೇರಿ ಎಲ್ಲಿದೆಯೆಂದು ವಿಚಾರಿಸಿ ತಿಳಿದಿಟ್ಟುಕೊಳ್ಳಿ. ಕೇಳಿಬಂದವರಿಗೆ ಆ ಬಾಗಿಲನ್ನು ತೋರಿಸಿ. ಮೊದಲ ದಿವಸ ಜೊತೆಯಲ್ಲಿ ಹೋದರೆ ಇನ್ನೂ ಒಳ್ಳೆಯದು. ಒಬ್ಬಳೇ ಕಛೇರಿಯ ಮೆಟ್ಟಿಲು ಹತ್ತಲಾರದೆ ಹಿಂತಿರುಗಿದವರು ಎಷ್ಟೋ ಮಂದಿ.