ಗಿರಾಕಿ ಬೇಡದ ಅಂಗಡಿ

ಗಿರಾಕಿಯನ್ನು ಗೋಳುಹೊಯ್ದುಕೊಳ್ಳಲೆಂದೇ ಹುಟ್ಟಿದ ಅಂಗಡಿಯೊಂದರ ಕಥೆ ಇದು. ಅಮೆರಿಕದಲ್ಲಿ ಪಾನನಿಷೇಧ ರದ್ದಾದದ್ದು 1933ರಲ್ಲಿ. ಪೆನ್ಸಿಲ್ವೇನಿಯಾ ರಾಜ್ಯದ ಗವರ್ನರ್ ಗಿಫರ್ಡ್ ಪಿನ್‌ಶೋ ಅವರಿಗೆ ಕುಡಿತವೆಂದರೆ ಆಗದು. ಮದ್ಯ ಸಿಗುವುದಾದರೆ ಕಷ್ಟಪಟ್ಟು, ದುಬಾರಿಯಾಗಿ ಸಿಗಲಿ ಎಂಬುದು ಅವರ ನಿಲುವು. ವೈನ್, ವಿಸ್ಕಿ ಬಾಟಲಿಗಳ ಮಾರಾಟವನ್ನು ಸರ್ಕಾರವೇ ವಹಿಸಿಕೊಂಡಿತು. ಬಾಟಲಿಗಳೆಲ್ಲ ಕೌಂಟರಿನ ಆಚೆ. ಗಿರಾಕಿ ಪಟ್ಟಿ ನೋಡಿ ಕೇಳಿ ಪಡೆಯಬೇಕು.

1936ರಲ್ಲಿ ಜಾನ್ಸ್‌ಟೌನ್ ಪಟ್ಟಣ ಪ್ರವಾಹಕ್ಕೆ ಸಿಕ್ಕಿತು. ಪರಿಹಾರಕ್ಕೆಂದು ಮದ್ಯದ ಮೇಲೆ ಶೇ. 10ರ ತಾತ್ಕಾಲಿಕ ತೆರಿಗೆ ಬಿತ್ತು. ನೀರು ಇಳಿಯಿತು, ಊರು ಮತ್ತೆ ಎದ್ದಿತು. ತೆರಿಗೆ ಮಾತ್ರ ಇಳಿಯಲಿಲ್ಲ! 1968ರಲ್ಲಿ ಶೇ. 18ಕ್ಕೆ ಏರಿ, ಇಂದಿಗೂ ಬೊಕ್ಕಸ ಸೇರುತ್ತಿದೆ. ಕುಡಿತ ತಗ್ಗಿಸಲು ಹೊರಟ ಸರ್ಕಾರಕ್ಕೆ ಕುಡಿಯುವವರ ಕಾಸಿನ ರುಚಿ ಹತ್ತಿತ್ತು.

2016ರ ಕಾಯಿದೆಯ ನಂತರ ಪರವಾನಗಿ ಪಡೆದ ದಿನಸಿ ಮಳಿಗೆಗಳಲ್ಲಿ ವೈನ್ ಸಿಗತೊಡಗಿತು. ವಿಸ್ಕಿ ಬೇಕಾದವರಿಗೆ ಬಹುಮಟ್ಟಿಗೆ ಈಗಲೂ ಸರ್ಕಾರಿ ಅಂಗಡಿಯೇ ಗತಿ.