ಮಂಪರು ಕೊಡುವ ನರ್ಸಿನ ಓದಿಗೆ ದುಡ್ಡು ಯಾರು ಕೊಡಬೇಕು?

ನೈಟ್ ಡ್ಯೂಟಿ ಮುಗಿಸಿ ಬಂದು ಇದನ್ನು ರೆಕಾರ್ಡ್ ಮಾಡ್ತಾ ಇದ್ದೇನೆ. ದನಿ ಸ್ವಲ್ಪ ಕಟ್ಟಿದೆ, ಕ್ಷಮಿಸಿ.

ನಾನು ನರ್ಸ್. ಮಂಗಳೂರಿನಲ್ಲಿ ಬಿಎಸ್‌ಸಿ ನರ್ಸಿಂಗ್ ಓದಿದವಳು. ಈಗ ಅಮೆರಿಕದ ಅಯೋವಾ ರಾಜ್ಯದ ಒಂದು ಆಸ್ಪತ್ರೆಯ ಐಸಿಯುನಲ್ಲಿ ಕೆಲಸ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ನಮ್ಮಲ್ಲಿಗೆ ಒಬ್ಬ ರೈತನನ್ನು ಕರೆತಂದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲಾ ಸೋಂಕು. ಅವರ ಊರಿನಲ್ಲೇ ಸಣ್ಣ ಆಸ್ಪತ್ರೆ ಇದೆ, ಆಪರೇಷನ್ ಥಿಯೇಟರ್ ಇದೆ, ಸರ್ಜನ್ ಕೂಡ ಇದ್ದರಂತೆ. ಇಲ್ಲದೇ ಇದ್ದದ್ದು ಅನಸ್ತೇಶಿಯ ಕೊಡುವವರು. ಅಲ್ಲಿದ್ದ ಒಬ್ಬರು ಕೆಲಸ ಬಿಟ್ಟು ತಿಂಗಳುಗಳಾಗಿದ್ದವು, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹಿಮ ಬೀಳುವ ರಸ್ತೆಯಲ್ಲಿ ಆಂಬುಲೆನ್ಸ್ ಬರುವಷ್ಟರಲ್ಲಿ ಅವರ ಬಿಪಿ ಇಳಿದಿತ್ತು. ಅವರು ಬದುಕಿಕೊಂಡರು. ಆದರೆ ಎರಡು ದಿನದಲ್ಲಿ ಮನೆಗೆ ಹೋಗಬೇಕಾದವರು ಹನ್ನೊಂದು ದಿನ ನಮ್ಮಲ್ಲಿದ್ದರು.

ಆ ಖಾಲಿ ಜಾಗದಲ್ಲಿ ಇದ್ದವರು ಡಾಕ್ಟರ್ ಅಲ್ಲ, ನರ್ಸ್. ನಮ್ಮ ಊರಿನ ಕೇಳುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಭಾರತದಲ್ಲಿ ಅರಿವಳಿಕೆ ಕೊಡುವುದು ಎಂಬಿಬಿಎಸ್ ಮೇಲೆ ಅದನ್ನೇ ಓದಿದ ವೈದ್ಯರು. ನಮ್ಮಲ್ಲಿ ಬಿಎಸ್‌ಸಿ ಅನಸ್ತೇಶಿಯ ಟೆಕ್ನಾಲಜಿ ಓದಿದವರು ಇದ್ದಾರೆ, ಅವರು ವೈದ್ಯರಿಗೆ ಸಹಾಯಕರು. ಅಮೆರಿಕದ ನರ್ಸ್ ಅನಸ್ತೆಟಿಸ್ಟ್ ಹಾಗಲ್ಲ. ಮಂಪರು ಕೊಡುವುದು, ಉಸಿರಿನ ನಳಿಕೆ ಹಾಕುವುದು, ಆಪರೇಷನ್ ಮುಗಿಯುವ ತನಕ ರೋಗಿಯ ಪ್ರಾಣ ಕಾಯುವುದು, ಮತ್ತೆ ಎಬ್ಬಿಸುವುದು, ಎಲ್ಲವನ್ನೂ ಅವರೇ ಮಾಡುತ್ತಾರೆ.

ಇದು ನಿನ್ನೆ ಮೊನ್ನೆಯ ವ್ಯವಸ್ಥೆಯೂ ಅಲ್ಲ. ಮಿನ್ನೆಸೋಟದ ಮೇಯೊ ಸಹೋದರರ ಆಸ್ಪತ್ರೆಯಲ್ಲಿ ಆಲಿಸ್ ಮಗಾ ಅನ್ನುವ ನರ್ಸ್ ಇದ್ದರು. ತಾನು ಕೊಟ್ಟ 14 ಸಾವಿರಕ್ಕೂ ಹೆಚ್ಚು ಅನಸ್ತೇಶಿಯಗಳ ವರದಿಯನ್ನು ಅವರು 1906ರಲ್ಲೇ ಪ್ರಕಟಿಸಿದರು. ಅನಸ್ತೇಶಿಯದಿಂದಾಗಿ ಒಂದು ಸಾವೂ ಅದರಲ್ಲಿ ಇರಲಿಲ್ಲ. ಇವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1931ರಲ್ಲಿ. ಇವರು ಮೆಡಿಕೇರ್‌ಗೆ, ಅಂದ್ರೆ ಹಿರಿಯರ ಸರ್ಕಾರಿ ವಿಮೆಗೆ, ನೇರವಾಗಿ ಬಿಲ್ ಕಳಿಸಬಹುದು ಅಂತ 1986ರಲ್ಲಿ ಕಾನೂನಾಯಿತು. ವೈದ್ಯರ ಮೇಲ್ವಿಚಾರಣೆ ಬೇಕು ಅನ್ನುವ ಮೆಡಿಕೇರ್ ನಿಯಮದಿಂದ ರಾಜ್ಯಗಳು ಹೊರಬರಬಹುದು ಅಂತ 2001ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಮೊದಲು ಹೊರಬಂದದ್ದು ನಾನಿರುವ ಈ ಅಯೋವಾ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಬಂದವು. ಮೇಲ್ವಿಚಾರಣೆ ಬೇಕೋ ಬೇಡವೋ ಅಂತ ಅನಸ್ತೇಶಿಯ ವೈದ್ಯರ ಸಂಘಕ್ಕೂ ನರ್ಸ್‌ಗಳ ಸಂಘಕ್ಕೂ ಇವತ್ತಿಗೂ ಜಟಾಪಟಿ ಇದೆ. ಆದರೆ ಎಷ್ಟೋ ಸಣ್ಣ ಊರುಗಳಲ್ಲಿ ಆ ಜಗಳಕ್ಕೆ ಅರ್ಥವೇ ಇಲ್ಲ. ಅಲ್ಲಿ ಇರುವುದೇ ನರ್ಸ್. ಅವರೂ ಇಲ್ಲ ಅಂದ್ರೆ ಸಿಸೇರಿಯನ್ ಇಲ್ಲ, ಹರ್ನಿಯಾ ಆಪರೇಷನ್ ಇಲ್ಲ.

ಸರಿ, ಇವರು ತಯಾರಾಗುವುದು ಹೇಗೆ? ಮೊದಲು ನರ್ಸಿಂಗ್ ಪದವಿ. ಆಮೇಲೆ ಕನಿಷ್ಠ ಒಂದು ವರ್ಷ ಐಸಿಯುನಂಥ ಕಡೆ ಅನುಭವ. ಆಮೇಲೆ ಡಾಕ್ಟರೇಟ್ ಮಟ್ಟದ ಕೋರ್ಸ್, ಮೂರು ವರ್ಷ. ಮೊದಲು ಮಾಸ್ಟರ್ಸ್ ಸಾಕಿತ್ತು. 2022ರ ಜನವರಿಯಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್‌ಗೇ ಸೇರಬೇಕು. ಓದಿನ ಜೊತೆಗೆ ಥಿಯೇಟರಿನಲ್ಲಿ ನೂರಾರು ಕೇಸು, ಸಾವಿರಾರು ಗಂಟೆ. ಈ ಮೂರು ವರ್ಷ ಕೆಲಸಕ್ಕೆ ಹೋಗಲು ಆಗುವುದಿಲ್ಲ. ಅನೇಕ ಕಾಲೇಜುಗಳು ಹೋಗಲೇಬೇಡಿ ಅನ್ನುತ್ತವೆ.

ಈ ಕೋರ್ಸಿಗೆ ನನಗೆ ಸೀಟು ಸಿಕ್ಕಿದೆ. ಬರುವ ಆಗಸ್ಟ್‌ಗೆ ತರಗತಿ ಶುರು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಖುಷಿಪಡ್ತಾರೆ ಅಂದುಕೊಂಡರೆ, "ಅಲ್ಲ ಮಾರಾಯ್ತಿ, ಇದ್ದ ಸಂಬಳ ಬಿಟ್ಟು ಮೂರು ವರ್ಷ ಓದುದಾ? ದುಡ್ಡು ಯಾರು ಕೊಡುದು?" ಅಂದರು. ಇವತ್ತಿನ ನನ್ನ ಮಾತೆಲ್ಲಾ ಅಮ್ಮನ ಆ ಪ್ರಶ್ನೆಯ ಮೇಲೇ.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಒಂದೇ ಥಿಯೇಟರಿನಲ್ಲಿ ಇಬ್ಬರು ಕಲಿಯುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬರು ಅನಸ್ತೇಶಿಯ ರೆಸಿಡೆಂಟ್ ವೈದ್ಯರು, ಇನ್ನೊಬ್ಬರು ನರ್ಸ್ ಅನಸ್ತೆಟಿಸ್ಟ್ ವಿದ್ಯಾರ್ಥಿನಿ. ವೈದ್ಯರು ಮೆಡಿಕಲ್ ಕಾಲೇಜಿಗೆ ದೊಡ್ಡ ಸಾಲ ಮಾಡಿರುತ್ತಾರೆ, ಅದು ನಿಜ. ಆದರೆ ಈ ತರಬೇತಿಯ ವರ್ಷಗಳಲ್ಲಿ ಅವರಿಗೆ ಸಂಬಳ ಬರುತ್ತದೆ. ರೆಸಿಡೆಂಟ್‌ಗಳ ತರಬೇತಿಗೆ ಮೆಡಿಕೇರ್ ಒಂದೇ ಆಸ್ಪತ್ರೆಗಳಿಗೆ ವರ್ಷಕ್ಕೆ ಸಾವಿರ ಕೋಟಿ ಡಾಲರಿಗೂ ಹೆಚ್ಚು ಕೊಡುತ್ತದೆ. ಪಕ್ಕದಲ್ಲಿ ನಿಂತ ನರ್ಸ್ ಅದೇ ಥಿಯೇಟರಿನಲ್ಲಿ ನಿಲ್ಲುವುದಕ್ಕೆ ತಾನೇ ಫೀಸು ಕಟ್ಟುತ್ತಾಳೆ.

ಹಾಗಾದ್ರೆ ನರ್ಸ್‌ಗಳಿಗೆ ಸರ್ಕಾರ ಏನೂ ಕೊಡುವುದಿಲ್ವಾ? ಕೊಡುತ್ತದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ, 1964ರಲ್ಲಿ, ನರ್ಸ್ ತರಬೇತಿ ಕಾಯ್ದೆ ಬಂತು. ಅದರಿಂದ ಬೆಳೆದ ಯೋಜನೆಗಳನ್ನು ಇಲ್ಲಿ 'ಟೈಟಲ್ ಎಂಟು' ಅಂತಾರೆ. ಸಾರ್ವಜನಿಕ ಆರೋಗ್ಯ ಸೇವಾ ಕಾಯ್ದೆಯ ಎಂಟನೇ ಭಾಗ ಅಂತ ಅರ್ಥ. 2024ರಲ್ಲಿ ಇಡೀ ಟೈಟಲ್ ಎಂಟಕ್ಕೆ ಸಿಕ್ಕಿದ್ದು ಸುಮಾರು 30 ಕೋಟಿ ಡಾಲರ್, ಅದೂ ಎಲ್ಲಾ ಬಗೆಯ ನರ್ಸ್‌ಗಳಿಗೂ ಸೇರಿ. ಅದರೊಳಗಿನ ಒಂದು ಸಣ್ಣ ಯೋಜನೆ 'ನರ್ಸ್ ಅನಸ್ತೆಟಿಸ್ಟ್ ಟ್ರೇನಿಶಿಪ್'. ಕೇಂದ್ರ ಆರೋಗ್ಯ ಇಲಾಖೆಯ ಹರ್ಸಾ ಅನ್ನುವ ಸಂಸ್ಥೆ ಈ ಅನುದಾನವನ್ನು ಕಾಲೇಜಿಗೆ ಕೊಡುತ್ತದೆ. ಕಾಲೇಜು ಅದನ್ನು ವಿದ್ಯಾರ್ಥಿಗಳ ಫೀಸು, ಪುಸ್ತಕ, ಊಟ ವಸತಿಗೆ ಹಂಚುತ್ತದೆ. ಕಾಲೇಜು ಆ ದುಡ್ಡಲ್ಲಿ ಕಟ್ಟಡ ಕಟ್ಟುವ ಹಾಗಿಲ್ಲ.

ಮೊತ್ತ ಎಷ್ಟು? ಕಳೆದ ದಶಕದಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 22.5 ಲಕ್ಷ ಡಾಲರ್. ಕೋರ್ಸುಗಳು ನೂರಕ್ಕೂ ಹೆಚ್ಚಿವೆ. ಸುಮ್ಮನೆ ಲೆಕ್ಕಕ್ಕೆ ನೂರು ಕಾಲೇಜಿಗೆ ಸಮನಾಗಿ ಹಂಚಿದರೆ ಒಂದಕ್ಕೆ 22,500. ಕಾಲೇಜಿನಲ್ಲಿ ಇಪ್ಪತ್ತು ಮಂದಿ ಇದ್ದರೆ ತಲೆಗೆ ಸಾವಿರ ಡಾಲರ್ ಚಿಲ್ಲರೆ. ನಾನು ಸೇರಬೇಕೆಂದಿರುವ ಕಾಲೇಜಿನಲ್ಲಿ ಹಿಂದಿನ ಬ್ಯಾಚಿನ ಒಬ್ಬಳನ್ನು ಕೇಳಿದೆ. "ಬಂತು, ಪುಸ್ತಕಕ್ಕೆ ಆಯಿತು" ಅಂದಳು. ಕೋರ್ಸಿನ ಫೀಸು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಮೂರು ವರ್ಷ ಸಂಬಳ ಇಲ್ಲದ್ದು ಬೇರೆ.

ಹೀಗಿರುವಾಗ ಈ ಪುಡಿಗಾಸಿನ ಬಗ್ಗೆ ಯಾಕೆ ಮಾತು ಅಂತ ಕೇಳಬಹುದು. ಯಾಕೆಂದ್ರೆ ಈ ಹಣದ ಜೊತೆಗೆ ಒಂದು ಪ್ರಶ್ನೆ ಬರುತ್ತದೆ. ಹಳ್ಳಿಗಾಡಿಗೆ, ಆರೋಗ್ಯ ಸೇವೆ ಸಾಲದ ಕಡೆಗೆ ನಿಮ್ಮಿಂದ ಏನು ಉಪಯೋಗ ಆಗುತ್ತದೆ ಅಂತ ಕಾಲೇಜನ್ನು ಕೇಳುತ್ತಾರೆ. ಅಂಥ ಕಡೆ ನೆರವಾಗುವ ಕಾಲೇಜುಗಳಿಗೆ ಆದ್ಯತೆ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಅಂದ್ರೆ ಆ ರೈತನ ಊರಿನ ಖಾಲಿ ಜಾಗವೂ ಈ ಲೆಕ್ಕದಲ್ಲಿ ಎಲ್ಲೋ ಸೇರುತ್ತದೆ. ಸಾಲ ಹಾಗಲ್ಲ. ಸಾಲ ಕೊಡುವವರು 'ಎಲ್ಲಿ ಕೆಲಸ ಮಾಡ್ತೀ' ಅಂತ ಕೇಳುವುದಿಲ್ಲ, 'ಕಂತು ಯಾವಾಗ ಕಟ್ತೀ' ಅಂತ ಮಾತ್ರ ಕೇಳ್ತಾರೆ.

ಈಗ ಎರಡೂ ಕಡೆಯಿಂದ ಪೆಟ್ಟು ಬೀಳುತ್ತಿದೆ. ಒಂದು, 2026ರ ಹಣಕಾಸು ವರ್ಷಕ್ಕೆ ಅಧ್ಯಕ್ಷರು ಕಳಿಸಿದ ಬಜೆಟ್ ಪ್ರಸ್ತಾವದಲ್ಲಿ ಟೈಟಲ್ ಎಂಟರ ಬಹುಪಾಲು ಯೋಜನೆಗಳನ್ನು ನಿಲ್ಲಿಸುವ ಮಾತಿತ್ತು. ಪ್ರಸ್ತಾವವೇ ಕಾನೂನಲ್ಲ, ಹಣ ಮಂಜೂರು ಮಾಡುವುದು ಸಂಸತ್ತು. ಆದರೆ ಪ್ರತಿ ವರ್ಷ 'ಇದು ಇರುತ್ತದೋ ಇಲ್ಲವೋ' ಅನ್ನುವ ಯೋಜನೆಯನ್ನು ನಂಬಿ ಯಾರು ಮೂರು ವರ್ಷದ ಓದಿಗೆ ಕೈ ಹಾಕುತ್ತಾರೆ?

ಎರಡನೆಯದು ದೊಡ್ಡದು. ಗ್ರಾಜುಯೇಟ್ ಓದಿಗೆ ಇಲ್ಲಿ 'ಗ್ರಾಡ್ ಪ್ಲಸ್' ಅನ್ನುವ ಸರ್ಕಾರಿ ಸಾಲ ಇತ್ತು. ಕಾಲೇಜಿನ ಪೂರ್ತಿ ಖರ್ಚಿನಷ್ಟು ಪಡೆಯಬಹುದಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸುತ್ತದೆ. ಇನ್ನು ಮೇಲೆ ಸಾಮಾನ್ಯ ಗ್ರಾಜುಯೇಟ್ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷದ ಮಿತಿ. 'ಪ್ರೊಫೆಷನಲ್' ಪದವಿಯವರಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಪ್ರೊಫೆಷನಲ್ ಅಂದ್ರೆ ಯಾರು? 2025ರ ನವೆಂಬರ್‌ನಲ್ಲಿ ಶಿಕ್ಷಣ ಇಲಾಖೆಯ ಸಮಿತಿ ಒಪ್ಪಿದ ಕರಡಿನಲ್ಲಿ ವೈದ್ಯಕೀಯ ಇದೆ, ದಂತವೈದ್ಯ ಇದೆ, ಪಶುವೈದ್ಯ ಇದೆ, ಕಾನೂನು ಇದೆ, ದೇವಶಾಸ್ತ್ರವೂ ಇದೆ. ನರ್ಸಿಂಗ್ ಇಲ್ಲ.

ದೇವಶಾಸ್ತ್ರ ಓದುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಲೆಕ್ಕ ನೋಡಿ. 20,500 ಅನ್ನು ಮೂರರಿಂದ ಗುಣಿಸಿದರೆ 61,500. ಫೀಸೇ ಲಕ್ಷ ದಾಟಿದರೆ ಉಳಿದದ್ದಕ್ಕೆ, ಬಾಡಿಗೆಗೆ, ಊಟಕ್ಕೆ ಖಾಸಗಿ ಬ್ಯಾಂಕೇ ಗತಿ. ಜುಲೈಗೆ ಮೊದಲೇ ಕೋರ್ಸ್ ಸೇರಿ ಸರ್ಕಾರಿ ಸಾಲ ಪಡೆದವರಿಗೆ ಕೆಲವು ವರ್ಷ ಹಳೆಯ ನಿಯಮವೇ ಇರುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಜನವರಿಯಲ್ಲಿ ಬೇರೆ ಕಾಲೇಜು ಸೇರಿದಳು, ಬಚಾವಾದಳು. ನಮ್ಮಿಬ್ಬರ ನಡುವೆ ಇರುವುದು ಏಳು ತಿಂಗಳ ವ್ಯತ್ಯಾಸ, ಅಷ್ಟೇ.

ಖಾಸಗಿ ಬ್ಯಾಂಕಿಗೆ ಹೋದೆ. ಮೊದಲ ಪ್ರಶ್ನೆ, ಜಾಮೀನು ಯಾರು ಹಾಕ್ತಾರೆ? ನನ್ನ ಸಹಪಾಠಿಗಳಾಗುವವರಿಗೆ ಅಪ್ಪ ಇದ್ದಾರೆ, ಮಾವ ಇದ್ದಾರೆ. ನನ್ನ ಅಪ್ಪ ಇರುವುದು ಬೆಳ್ತಂಗಡಿಯ ಅಡಿಕೆ ತೋಟದಲ್ಲಿ. ಅವರ ಸಹಿ ಅಯೋವಾದ ಬ್ಯಾಂಕಿಗೆ ನಡೆಯುವುದಿಲ್ಲ. ಹೊರದೇಶದಿಂದ ಬಂದ ನರ್ಸ್‌ಗಳಿಗೆ, ಬಡ ಮನೆಯಿಂದ ಬಂದ ಅಮೆರಿಕದ ಮಕ್ಕಳಿಗೂ, ಬಾಗಿಲು ಮುಚ್ಚುವುದು ಇಲ್ಲಿ. ಅಂಕ ಕಡಿಮೆ ಅಂತ ಅಲ್ಲ, ಜಾಮೀನು ಇಲ್ಲ ಅಂತ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ನರ್ಸ್ ಅನಸ್ತೆಟಿಸ್ಟ್‌ಗಳ ಸಂಬಳ ಇಲ್ಲಿ ವರ್ಷಕ್ಕೆ 2 ಲಕ್ಷ ಡಾಲರಿಗೂ ಮೇಲೆ. 'ಇಷ್ಟು ಸಂಪಾದಿಸುವವರ ಓದಿಗೆ ಲಾರಿ ಓಡಿಸುವವನ ತೆರಿಗೆ ಯಾಕೆ' ಅಂತ ಕೇಳಿದರೆ ಅದು ಕೆಟ್ಟ ಪ್ರಶ್ನೆಯಲ್ಲ. ಸಾಲ ಸುಲಭವಾಗಿ ಸಿಗುತ್ತದೆ ಅಂತಲೇ ಕಾಲೇಜುಗಳು ಫೀಸು ಏರಿಸಿದವು, ಮಿತಿ ಹಾಕಿದರೆ ಇಳಿಸುತ್ತಾವೆ ಅನ್ನುವ ವಾದವೂ ಇದೆ. ಇಳಿಸಿದರೆ ಬಹಳ ಸಂತೋಷ. ನನ್ನ ಕಾಲೇಜಿನ ಪತ್ರದಲ್ಲಿ ಮಾತ್ರ ಇನ್ನೂ ಇಳಿದಿಲ್ಲ.

ನನ್ನ ಉತ್ತರ ಹೀಗೆ. ನನಗೆ ಪುಕ್ಕಟೆ ಬೇಡ. ಕೊಡಿ, ಬದಲಿಗೆ ಕೆಲಸ ಕೇಳಿ. ಇಲ್ಲಿನ ಸೈನ್ಯ ಇದನ್ನೇ ಮಾಡುತ್ತದೆ. ತನ್ನ ನರ್ಸ್‌ಗಳಿಗೆ ಸಂಬಳ ಕೊಟ್ಟೇ ಅನಸ್ತೇಶಿಯ ಓದಿಸುತ್ತದೆ, ಆಮೇಲೆ ಇಷ್ಟು ವರ್ಷ ಸೇವೆ ಅಂತ ಬರೆಸಿಕೊಳ್ಳುತ್ತದೆ. 'ನರ್ಸ್ ಕೋರ್' ಅನ್ನುವ ಯೋಜನೆಯೂ ಹಾಗೆಯೇ. ಕೊರತೆ ಇರುವ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದರೆ ಓದಿನ ಸಾಲದ 60 ಶೇಕಡಾ ಸರ್ಕಾರ ತೀರಿಸುತ್ತದೆ, ಮೂರನೇ ವರ್ಷಕ್ಕೆ ಇನ್ನೂ 25 ಶೇಕಡಾ. ಆದರೆ ಅದು ಓದು ಮುಗಿದ ಮೇಲಿನ ಮಾತು, ಅರ್ಜಿ ಹಾಕಿದವರಿಗೆಲ್ಲಾ ಸಿಗುವುದೂ ಇಲ್ಲ. ಕಾಲೇಜಿನ ಬಾಗಿಲಲ್ಲೇ ನಿಂತವಳಿಗೆ ಅದರಿಂದ ಇವತ್ತು ಏನೂ ಆಗುವುದಿಲ್ಲ.

ಅಮೆರಿಕದಲ್ಲಿ ಈ ದಾರಿ ಯೋಚಿಸುತ್ತಿರುವ ನಮ್ಮ ನರ್ಸ್‌ಗಳಿಗೆ ನಾಲ್ಕು ಮಾತು. ಟ್ರೇನಿಶಿಪ್ ಸಿಗಬೇಕಾದರೆ ಇಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. ಬೇರೆ ವೀಸಾದಲ್ಲಿ ಇರುವವರು ಅದನ್ನು ನಂಬಿ ಲೆಕ್ಕ ಹಾಕಬೇಡಿ. ಸಂದರ್ಶನದ ದಿನವೇ ಕಾಲೇಜನ್ನು ಕೇಳಿ, ನಿಮ್ಮಲ್ಲಿ ಈ ಅನುದಾನ ಇದೆಯಾ, ತಲೆಗೆ ಎಷ್ಟು ಬರುತ್ತದೆ ಅಂತ. ಮೂರನೆಯದು, ನೀವಿರುವ ರಾಜ್ಯದಲ್ಲಿ, ನೀವು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಸೇವೆಯ ಕರಾರಿನ ಮೇಲೆ ಓದಿಸುವ ಯೋಜನೆ ಇದೆಯಾ ವಿಚಾರಿಸಿ. ಕಡೆಯದು, ಜಾಮೀನಿನ ವಿಷಯ ಸೀಟು ಸಿಗುವ ಮೊದಲೇ ಯೋಚಿಸಿ. ನಾನು ಆಮೇಲೆ ಯೋಚಿಸಿದೆ.

ನನ್ನ ಕಥೆ ಏನಾಯಿತು? ಸೀಟು ಕಾಯ್ದಿರಿಸಲು ದುಡ್ಡು ಕಟ್ಟಿದ್ದೇನೆ. ಇಲ್ಲಿರುವ ದೊಡ್ಡಮ್ಮನ ಮಗ ಜಾಮೀನಿಗೆ ಒಪ್ಪಿದ್ದಾನೆ, ಅವನ ಹೆಂಡತಿ ಇನ್ನೂ ಒಪ್ಪಿಲ್ಲ. ಅವಳದ್ದು ತಪ್ಪು ಅಂತ ನಾನು ಹೇಳಲಾರೆ, ಅವರಿಗೂ ಮನೆ ಸಾಲ ಇದೆ.

ಆ ರೈತ ಡಿಸ್ಚಾರ್ಜ್ ಆಗುವ ದಿನ ಅವರ ಹೆಂಡತಿಗೆ ಹೇಳಿದ್ದೆ, ನಾನು ಅನಸ್ತೇಶಿಯ ಓದಬೇಕೆಂದಿದ್ದೇನೆ ಅಂತ. "ಓದಿ ನಮ್ಮೂರಿಗೇ ಬಾ" ಅಂದರು. ಬರ್ತೇನೆ ಅಂದೆ. ಆಗ ಅದು ನನ್ನ ಕೈಯಲ್ಲೇ ಇರುವ ಮಾತು ಅಂದುಕೊಂಡಿದ್ದೆ. ಖಾಸಗಿ ಸಾಲದ ಕಂತಿನ ಪಟ್ಟಿ ನೋಡಿದ ಮೇಲೆ, ಓದು ಮುಗಿದ ದಿನ ಯಾರು ಹೆಚ್ಚು ಕೊಡ್ತಾರೋ ಅಲ್ಲಿಗೇ ಹೋಗಬೇಕಾಗುತ್ತದೇನೋ ಅನ್ನಿಸ್ತಿದೆ. ಸರ್ಕಾರ ಈಗ ಉಳಿಸುವ ದುಡ್ಡಿನ ಲೆಕ್ಕದಲ್ಲಿ ಆ ಹೆಂಗಸಿಗೆ ನಾನು ಕೊಟ್ಟ ಮಾತನ್ನೂ ಸೇರಿಸಿಕೊಳ್ಳಲಿ.

ಇಷ್ಟೇ ನನ್ನ ಮಾತು.