ರಾಗಿಯ ಬಿತ್ತನೆಗೆ ತಕ್ಕ ಕಾಲ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ರೈತರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು ಎಂಬ ಗಾದೆ ಒಕ್ಕಲಿಗರೆಲ್ಲರಿಗೂ ತಿಳಿದದ್ದೇ. ಆದರೆ ಬೆದೆ ಬಂದ ದಿನ ಯಾವ ತಳಿಯ ಬೀಜವನ್ನು ಬಿತ್ತತಕ್ಕದ್ದೆಂಬುದನ್ನು ಗಾದೆಯು ಹೇಳುವುದಿಲ್ಲ. ಹತ್ತಿಯ ಸೀಮೆಗಳಲ್ಲಿ ಬಿತ್ತನೆ ಬಹಳ ಹಿಂದಾದರೆ ಕಾಯಿ ಚಳಿಗೆ ಸಿಕ್ಕಿ, ಇಳುವರಿ ಕುಗ್ಗುವುದಲ್ಲದೆ ಅರಳೆಯ ಎಳೆಯೂ ಸರಿಯಾಗಿ ಬಲಿಯದು. ಈ ನಾಲ್ಕು ತಾಲ್ಲೂಕುಗಳ ಕೆಂಪು ಭೂಮಿಯಲ್ಲಿ ಮಳೆಯನ್ನೇ ನಂಬಿ ಬೆಳೆಯುವ ರಾಗಿಗೂ ಇಂಥದೇ ನಿಯಮವುಂಟು. ಕಾಳು, ಹುಲ್ಲು ಎರಡೂ ಬಿತ್ತಿದ ಕಾಲವನ್ನು ಅನುಸರಿಸುವುವು.

ಮೊದಲು ಇಲ್ಲಿಯ ಮಳೆಯ ಸ್ವಭಾವವನ್ನು ನೋಡೋಣ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ; ಉತ್ತರ ಪಿನಾಕಿನಿಯೂ ಮಳೆಗಾಲದ ಹೊಳೆಯೇ. ಜೂನ್, ಜುಲೈಗಳ ಮಳೆ ಅನಿಶ್ಚಿತವಾದುದು. ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಎಂದರೆ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಬೀಳುವುದು. ನವೆಂಬರ್ ಕಳೆಯುತ್ತಿದ್ದಂತೆ ಭೂಮಿ ಒಣಗುವುದು. ಆದುದರಿಂದ ತೆನೆ ಹೊರಡುವಾಗ ನೆಲದಲ್ಲಿ ತೇವವಿರಬೇಕು; ಕೊಯ್ಲಿನ ವೇಳೆಗೆ ಮಳೆ ಹಿಂದೆಗೆದಿರಬೇಕು. ಬಿತ್ತನೆಯ ದಿನವನ್ನು ಈ ಕೊನೆಯಿಂದ ಹಿಂದಕ್ಕೆ ಎಣಿಸತಕ್ಕದ್ದು.

ಎಣಿಕೆ ಹೀಗೆ. ಎಂ.ಆರ್. 6 ಮೊದಲಾದ ದೀರ್ಘಾವಧಿ ತಳಿಗಳು 120ರಿಂದ 125 ದಿನಗಳಿಗೆ ಮಾಗುವುವು. ಆರಿದ್ರ ಮಳೆಗೆ, ಜೂನ್ ಕೊನೆಯಲ್ಲಿ ಬಿತ್ತಿದರೆ ಅಕ್ಟೋಬರ್ ಕೊನೆಯ ಹೊತ್ತಿಗೆ ಕೊಯ್ಲು. ಅದೇ ಬೀಜವನ್ನು ಮಖೆ ಮಳೆಗೆ, ಆಗಸ್ಟ್ 20ರಂದು ಬಿತ್ತಿದರೆ ಕೊಯ್ಲು ಡಿಸೆಂಬರ್ 20ಕ್ಕೆ ಹೋಗುವುದು. ತೆನೆ ಹೊರಡುವುದು ನವೆಂಬರ್ ನಡುವಿನಲ್ಲಿ. ಆಗ ತೇವ ಸಾಲದೆ ಕಾಳು ಜೊಳ್ಳಾಗುವುದು, ಹುಲ್ಲೂ ಗಿಡ್ಡವಾಗುವುದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಇಂಡಾಫ್ 9, ಜಿ.ಪಿ.ಯು. 48 ಮೊದಲಾದ ಅಲ್ಪಾವಧಿ ತಳಿಗಳು ಸುಮಾರು 100 ದಿನಗಳಿಗೆ ಬರುವುವು. ಇವನ್ನು ಜುಲೈ ಮೊದಲಿಗೇ ಬಿತ್ತಿದರೆ ಅಕ್ಟೋಬರ್ ಮಳೆಯಲ್ಲೇ ಮಾಗಿ, ತೆನೆಯಲ್ಲಿಯೇ ಕಾಳು ಮೊಳೆಯುವುದು. ನೆನೆದ ಹುಲ್ಲು ಕಪ್ಪಾಗಿ ದನಗಳು ಮೂಸದಂತಾಗುವುದು. ಹಾಲು ಮಾರಿ ಸಂಸಾರ ಸಾಗಿಸುವ ಮನೆಗೆ ಇದು ಸಣ್ಣ ನಷ್ಟವಲ್ಲ. ಇವೆರಡರ ನಡುವೆ, ಜುಲೈ ಎರಡನೆಯ ಅರ್ಧದಿಂದ ಆಗಸ್ಟ್ 15ರವರೆಗೆ, 110ರಿಂದ 115 ದಿನಗಳ ಜಿ.ಪಿ.ಯು. 28 ತಕ್ಕದ್ದು. ಬೆಂಕಿ ರೋಗವನ್ನು ತಡೆಯುವ ಶಕ್ತಿ ಇದಕ್ಕುಂಟು. ತೆನೆ ಹೊರಡುವಾಗ ಮೋಡ, ಜಡಿಮಳೆಗಳಿದ್ದರೆ ಆ ರೋಗ ಬಲಿಯುವುದರಿಂದ ಈ ಗುಣ ಬಹು ಮುಖ್ಯವಾದುದು.

ಹೊತ್ತು ಮೀರಿದಾಗ ಬಿತ್ತಲು ಬೀಜವಿಲ್ಲವೆಂಬ ಕಾಲವಿದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಆದರೂ ಮಳೆ ತಡವಾದ ವರ್ಷ ಅನೇಕರು ಮನೆಯಲ್ಲಿರುವ ದೀರ್ಘಾವಧಿ ಬೀಜವನ್ನೇ ಚೆಲ್ಲುವರು. ಬೀಜ ಕೈಯಲ್ಲಿರುವುದೇ ಇದಕ್ಕೆ ಕಾರಣ, ತಿಳಿವಳಿಕೆಯ ಕೊರತೆಯಲ್ಲ. ರಾಗಿಯು ತನ್ನ ಹೂವಿನಿಂದಲೇ ಕಾಳುಕಟ್ಟುವ ಪೈರಾದ್ದರಿಂದ ತಳಿ ಬೇಗ ಕೆಡುವುದಿಲ್ಲ. ಒಳ್ಳೆಯ ತೆನೆಗಳನ್ನಾರಿಸಿ, ಚೆನ್ನಾಗಿ ಒಣಗಿಸಿ, ಎರಡು ಬಗೆಯ ಬೀಜವನ್ನೂ ಬೇರೆಬೇರೆಯಾಗಿ ಗುರುತು ಹಾಕಿ ಇಟ್ಟುಕೊಳ್ಳುವುದು ಮೇಲು.

ಬಾವಿಯಲ್ಲಿ ಸ್ವಲ್ಪ ನೀರಿರುವವರು ಮಳೆಗಾಗಿ ಕಾಯದೆ ಸಸಿಮಡಿ ಮಾಡಿ, 21ರಿಂದ 25 ದಿನಗಳ ಪೈರನ್ನು ಮಳೆ ಬಂದೊಡನೆ ನಾಟಿ ಮಾಡಬಹುದು. ಹೊಲದಲ್ಲಿ ಕಳೆಯಬೇಕಾದ ದಿನಗಳು ಅಷ್ಟು ಉಳಿಯುವುವು.

ನೆನಪಿಡಬೇಕಾದ ಅಂಶಗಳು:

1. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ದೀರ್ಘಾವಧಿ ತಳಿ.

2. ಅಲ್ಲಿಂದ ಆಗಸ್ಟ್ 15ರವರೆಗೆ ಮಧ್ಯಮಾವಧಿ ತಳಿ.

3. ಆಮೇಲೆ ಆಗಸ್ಟ್ ಕೊನೆಯವರೆಗೆ ಅಲ್ಪಾವಧಿ ತಳಿ ಮಾತ್ರ.

ಮಳೆ ಬರುವ ದಿನ ರೈತನ ವಶದಲ್ಲಿಲ್ಲ. ಆ ದಿನಕ್ಕೆ ತಕ್ಕ ಬೀಜ ಮನೆಯಲ್ಲಿರುವಂತೆ ನೋಡಿಕೊಳ್ಳುವುದು ಅವನ ವಶದಲ್ಲಿದೆ.